ಸುಮ್ನೆ ಕೂರೋಕೆ ಎಂಟು ರಾತ್ರಿ

ಫೋರ್ಟ್ ಲಾಡರ್‌ಡೇಲ್ ಬಂದರಿನ ಎಕ್ಸ್‌ರೇ ಬೆಲ್ಟಿನ ಮೇಲೆ ನಮ್ಮ ಕೈಚೀಲ ಒಮ್ಮೆ ಒಳಗೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಒಳಗೆ ಹೋಯಿತು. ಅಲ್ಲಿದ್ದ ಹೆಂಗಸು ಚೀಲಕ್ಕೆ ಕೈಹಾಕಿ, ಟವೆಲಿನಲ್ಲಿ ಸುತ್ತಿದ್ದ ಒಂದು ಸಾಮಾನನ್ನು ಎತ್ತಿ ಹಿಡಿದಳು. ನೀರು ಕಾಯಿಸುವ ಕಾಯಿಲ್. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಕೊಂಡದ್ದು, ಇಪ್ಪತ್ತು ವರ್ಷ ಹಳೆಯದು, ಹಿಡಿಗೆ ಕಪ್ಪು ಟೇಪು ಸುತ್ತಿದ್ದು. ನಾನು ನಮ್ಮನೆಯವರ ಮುಖ ನೋಡಿದೆ. ಅವರು ಸೀಲಿಂಗ್ ನೋಡುತ್ತಿದ್ದರು.

"ಹಡಗಿನ ರೂಮಿನಲ್ಲಿ 220 ವೋಲ್ಟಿನ ಪ್ಲಗ್ಗೂ ಇರುತ್ತೆ, ನಾನು ವಿಚಾರಿಸಿದ್ದೆ" ಅಂದರು ಮೆಲ್ಲಗೆ.

ಪ್ಲಗ್ಗು ವಿಚಾರಿಸಿದವರು ಕಾಯಿಲ್ ತಗೊಂಡು ಹೋಗಬಹುದಾ ಅಂತ ವಿಚಾರಿಸಿರಲಿಲ್ಲ. ಇಸ್ತ್ರಿಪೆಟ್ಟಿಗೆ, ಕೆಟಲ್, ಮೇಣದಬತ್ತಿ, ಇಂಥವನ್ನೆಲ್ಲ ಹಡಗಿಗೆ ಬಿಡುವುದಿಲ್ಲ. ಸಮುದ್ರದ ಮಧ್ಯೆ ಬೆಂಕಿ ಬಿದ್ದರೆ ಎಲ್ಲಿಗೆ ಓಡುವುದು? ಆಕೆ ಒಂದು ಚೀಟಿ ಹರಿದು ಅರ್ಧ ಕಾಯಿಲಿಗೆ ಕಟ್ಟಿದಳು, ಅರ್ಧ ನಮಗೆ ಕೊಟ್ಟಳು. ಇಳಿಯುವ ದಿನ ಬಂದು ಬಿಡಿಸಿಕೊಳ್ಳಬೇಕಂತೆ. ಸ್ಟೀಲ್ ಫಿಲ್ಟರನ್ನು ಮೂರು ಸಲ ಬಿಚ್ಚಿ ನೋಡಿ, ತೂತಿನಲ್ಲಿ ಕಣ್ಣಿಟ್ಟು ನೋಡಿ, ಇದರಿಂದ ಅಪಾಯವಿಲ್ಲ ಅಂತ ವಾಪಸ್ಸು ಇಟ್ಟಳು. ಕಾಫಿಪುಡಿ ಸೀಲ್ ಆದ ಪ್ಯಾಕೆಟ್ಟಾದ್ದರಿಂದ ಪಾಸಾಯಿತು. ನಾನು ಮಾಡಿದ ಚಟ್ನಿಪುಡಿ ಮಾತ್ರ ಮಗಳ ಮನೆಯಲ್ಲೇ ಉಳಿದಿತ್ತು. ಮನೆಯಲ್ಲಿ ಮಾಡಿದ ತಿಂಡಿ ಒಯ್ಯುವಂತಿಲ್ಲ ಅಂತ ಅವಳು ಮೊದಲೇ ಕಿತ್ತಿಟ್ಟುಕೊಂಡಿದ್ದಳು.

ಈ ಪ್ರವಾಸವೇ ಅವಳದ್ದು. ನಮ್ಮ ಮದುವೆಯಾಗಿ 36 ವರ್ಷ. ಇವರು ಪಿಡಬ್ಲ್ಯುಡಿಯಲ್ಲಿ ಎಂಜಿನಿಯರಾಗಿದ್ದವರು, ನಾನು ಬ್ಯಾಂಕಿನಲ್ಲಿದ್ದವಳು. ಇಷ್ಟು ವರ್ಷದಲ್ಲಿ ರಜೆ ಅಂದರೆ ಯಾರದೋ ಮದುವೆ, ಇಲ್ಲವೇ ಧರ್ಮಸ್ಥಳ, ತಿರುಪತಿ. ಇಬ್ಬರೇ ಎಲ್ಲೂ ಹೋದವರಲ್ಲ. 2024ರ ಜನವರಿಯಲ್ಲಿ ಟ್ಯಾಂಪಾದಲ್ಲಿರುವ ಮಗಳ ಮನೆಗೆ ಬಂದೆವು. ಮೊದಲ ವಾರ ಇವರು ಬಚ್ಚಲಿನ ನಲ್ಲಿ ಸರಿ ಮಾಡಿದರು. ಎರಡನೇ ವಾರ ಅಡುಗೆಮನೆಯ ಕಪಾಟಿನ ತಿರುಪು ಬಿಗಿದರು. ಮೂರನೇ ವಾರ ಏಣಿ ಹತ್ತಿ ಛಾವಣಿಯ ನೀರಿನ ದೋಣಿ ತೊಳೆಯಲು ಹೊರಟಾಗ ಅಳಿಯ ಹೆದರಿದ. ಅವತ್ತು ರಾತ್ರಿಯೇ ಮಗಳು ಲ್ಯಾಪ್‌ಟಾಪ್ ತೆಗೆದು ಎಂಟು ರಾತ್ರಿಯ ಕೆರಿಬಿಯನ್ ಕ್ರೂಸ್ ಬುಕ್ ಮಾಡಿದಳು. "ಅಪ್ಪ ರಿಪೇರಿ ಮಾಡೋಕೆ ಅಲ್ಲಿ ಏನೂ ಇರಲ್ಲ" ಅನ್ನುವುದು ಅವಳ ಲೆಕ್ಕ.

ವೀಸಾ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಯಾಕಂದ್ರೆ ನಮ್ಮವರು ಜಾಸ್ತಿ ಎಡವುವುದು ಅಲ್ಲೇ. ಅಮೆರಿಕದಿಂದ ಹೊರಟು ಅಮೆರಿಕಕ್ಕೇ ವಾಪಸ್ಸು ಬರುವ ಹಡಗಾದರೂ, ನಡುವೆ ಬೇರೆ ದೇಶದ ನೆಲ ಮುಟ್ಟುತ್ತದೆ. ಅಂದರೆ ಭಾರತದ ಪಾಸ್‌ಪೋರ್ಟಿನವರು ಮತ್ತೆ ಹೊಸದಾಗಿ ಅಮೆರಿಕದೊಳಗೆ ಬಂದ ಹಾಗೆ. ನಮ್ಮದು ಹತ್ತು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ, ತೊಂದರೆಯಾಗಲಿಲ್ಲ. ಎಚ್-1ಬಿ ಅನ್ನುವ ಉದ್ಯೋಗದ ವೀಸಾದಲ್ಲಿರುವ ಹುಡುಗರು ಮಾತ್ರ ನೋಡಿಕೊಂಡು ಹೊರಡಬೇಕು. ಪಾಸ್‌ಪೋರ್ಟಿನಲ್ಲಿರುವ ವೀಸಾ ಅವಧಿ ಮುಗಿದಿದ್ದರೂ ಕೆನಡಾ, ಮೆಕ್ಸಿಕೋಗೆ ಹೋಗಿ 30 ದಿನದೊಳಗೆ ಬರುವವರಿಗೆ ಒಂದು ರಿಯಾಯಿತಿ ಇದೆ. ಅದನ್ನೇ ನಂಬಿಕೊಂಡು ಕೆರಿಬಿಯನ್ ದ್ವೀಪಗಳಿಗೆ ಹೊರಟರೆ ವಾಪಸ್ಸು ಬರುವಾಗ ಸಿಕ್ಕಿಹಾಕಿಕೊಳ್ಳುತ್ತಾರೆ. ಆ ರಿಯಾಯಿತಿ ಅವರಿಗೆ ಅಲ್ಲಿಗೆ ಅನ್ವಯಿಸುವುದಿಲ್ಲ.

ಹಡಗನ್ನು ಕೆಳಗೆ ನಿಂತು ನೋಡಿದಾಗ ಇವರು ಅಂತಸ್ತು ಎಣಿಸಲು ಶುರುಮಾಡಿದರು. ಹದಿನಾಲ್ಕಕ್ಕೆ ಕತ್ತು ನೋವು ಬಂತು. ಮೂರು ಸಾವಿರ ಜನ ಪ್ರಯಾಣಿಕರು, ಸಾವಿರದ ಮೇಲೆ ಕೆಲಸದವರು. ಹಿಂಭಾಗದಲ್ಲಿ ಹಡಗಿನ ಹೆಸರಿನ ಕೆಳಗೆ 'ನಸ್ಸಾವ್' ಅಂತ ಬರೆದಿತ್ತು. ಟಿಕೆಟ್ ಮಾರುವುದು ಅಮೆರಿಕದಲ್ಲಿ, ಹತ್ತುವುದು ಅಮೆರಿಕದಲ್ಲಿ, ನೋಂದಣಿ ಮಾತ್ರ ಬಹಾಮಾಸ್‌ನದ್ದು. ಇಂಥ ವಿದೇಶಿ ಬಾವುಟದ ಹಡಗು ಬರೀ ಅಮೆರಿಕದ ಬಂದರುಗಳನ್ನೇ ಸುತ್ತಿ ಬರುವಂತಿಲ್ಲ ಅಂತ 1886ರಲ್ಲೇ ಒಂದು ಕಾನೂನು ಮಾಡಿದ್ದಾರೆ. ಹಾಗಾಗಿ ದಾರಿಯಲ್ಲಿ ಒಂದಾದರೂ ವಿದೇಶಿ ಬಂದರು ಇರಲೇಬೇಕು. ನಮ್ಮ ಪಟ್ಟಿಯಲ್ಲಿ ಪೋರ್ಟೊ ರಿಕೋದ ಸಾನ್ ಹುವಾನ್, ಸೇಂಟ್ ಥಾಮಸ್ ದ್ವೀಪ ಎರಡೂ ಅಮೆರಿಕಕ್ಕೆ ಸೇರಿದವು. ಬೇರೆ ದೇಶದ್ದಾದ ಸೇಂಟ್ ಮಾರ್ಟಿನ್ ಆ ಕಾನೂನಿನ ಬಾಯಿ ಮುಚ್ಚಿಸುತ್ತಿತ್ತು.

ಹೊರಡುವ ಮೊದಲು ಎಲ್ಲರೂ ತಮ್ಮ ತಮ್ಮ ಮಸ್ಟರ್ ಸ್ಟೇಷನ್ನಿಗೆ ಹೋಗಿ ಹಾಜರಿ ಹಾಕಿಸಬೇಕು. ಅಪಾಯ ಬಂದರೆ ಸೇರಬೇಕಾದ ಜಾಗ ಅದು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಹಾರ್ನ್ ಆದರೆ ಅಲ್ಲಿಗೆ ಓಡಬೇಕು. 2012ರಲ್ಲಿ ಇಟಲಿಯ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗೆ ಬಡಿದು 32 ಜನ ಹೋದ ಮೇಲೆ ಈ ಅಭ್ಯಾಸದ ನಿಯಮ ಬಿಗಿಯಾಯಿತು. ಇವರು ಲೈಫ್ ಜಾಕೆಟ್ಟಿನ ಹೊಲಿಗೆ ಎಳೆದು ನೋಡಿ "ಪರವಾಗಿಲ್ಲ" ಅಂತ ಸರ್ಟಿಫಿಕೇಟ್ ಕೊಟ್ಟರು.

ಮೊದಲ ರಾತ್ರಿ ನನಗೆ ಹಡಗು ಹಿಡಿಯಲಿಲ್ಲ. ಬೆನ್ನ ಕೆಳಗಿನ ಹಾಸಿಗೆ ನಿಧಾನಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು. ಹ್ಯಾಂಗರುಗಳು ಕಪಾಟಿನಲ್ಲಿ ಟಿಕ್ ಟಿಕ್ ಅಂತ ಒಂದಕ್ಕೊಂದು ತಾಗುತ್ತಿದ್ದವು. ಹಡಗಿನ ಮಧ್ಯಭಾಗದಲ್ಲಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ರೂಮು ಹಿಡಿದರೆ ಅಲುಗಾಟ ಕಡಿಮೆ. ಮಗಳು ಅದನ್ನೆಲ್ಲ ನೋಡಿಯೇ ಎಂಟನೇ ಅಂತಸ್ತಿನ ನಡುವೆ ಬಾಲ್ಕನಿ ರೂಮು ತೆಗೆದುಕೊಂಡಿದ್ದಳು. ಆದರೂ ಹೊಟ್ಟೆ ತೊಳಸಿತು. ರೂಮಿನ ಕೆಲಸದವನು ಎರಡು ಹಸಿರು ಸೇಬು, ಉಪ್ಪಿನ ಬಿಸ್ಕತ್ತು ತಂದಿಟ್ಟ. ಹುಳಿ ಸೇಬು, ಶುಂಠಿ ಇವೇ ಅಲ್ಲಿನ ಅಜ್ಜಿ ಮದ್ದು. ಮಗಳು ಕೊಟ್ಟ ಮಾತ್ರೆಯನ್ನೂ ನುಂಗಿದೆ. ಬೆಳಗ್ಗೆ ಎದ್ದಾಗ ಹೊಟ್ಟೆ ಹಸಿದಿತ್ತು, ಅಂದರೆ ಗುಣವಾಗಿತ್ತು.

ಮುಂದೆ ಎರಡು ದಿನ ಬರೀ ನೀರು. ಸಾನ್ ಹುವಾನ್ ಸುಮಾರು ಸಾವಿರ ನಾಟಿಕಲ್ ಮೈಲಿ ದೂರ. ಈ ಎರಡು ದಿನಗಳೇ ನನಗೆ ಹೆದರಿಕೆ ಇದ್ದದ್ದು. ಇವರು ಬೆಳಗ್ಗೆ ಐದಕ್ಕೆ ಎದ್ದರು. ಆರಕ್ಕೆ ವಾಕಿಂಗ್ ಮುಗಿಯಿತು. ಏಳಕ್ಕೆ ಬಾಲ್ಕನಿಯ ಬಾಗಿಲಿನ ರಬ್ಬರು ಪರೀಕ್ಷೆಯಾಯಿತು. ಎಂಟಕ್ಕೆ "ಮುಂದೇನು?" ಅಂತ ನನ್ನ ಎದುರು ನಿಂತರು. ಡೆಕ್ಕಿನಲ್ಲಿ ಜನ ಆಗಲೇ ಒರಗುಕುರ್ಚಿಯ ಮೇಲೆ ಟವೆಲ್ ಹಾಸಿ ಸೀಟು ಹಿಡಿದಿದ್ದರು. ನಮ್ಮೂರಿನ ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆಯುತ್ತಾರಲ್ಲ, ಥೇಟ್ ಹಾಗೇ. ಈ ಒಂದು ವಿದ್ಯೆಯಲ್ಲಿ ಜಗತ್ತೆಲ್ಲ ಒಂದೇ.

ಕೊನೆಗೆ ಅವರನ್ನು ಕಾಪಾಡಿದ್ದು ರೂಮಿನ ಟಿವಿ. ಅದರಲ್ಲಿ ಒಂದು ಚಾನೆಲ್ಲು ಇಡೀ ದಿನ ಹಡಗು ಎಲ್ಲಿದೆ, ವೇಗ ಎಷ್ಟು, ಗಾಳಿ ಯಾವ ಕಡೆಯಿಂದ ಅಂತ ತೋರಿಸುತ್ತಿತ್ತು. ಇವರು ಅದರ ಎದುರು ಕೂತರು. "ನೋಡೇ, ಪೋರ್ಟೊ ರಿಕೋ ಕಂದಕ ಬರ್ತಾ ಇದೆ" ಅಂತ ಕರೆದರು. ಅಟ್ಲಾಂಟಿಕ್ ಸಾಗರದ ಅತಿ ಆಳದ ಜಾಗ ಅಲ್ಲಿದೆಯಂತೆ, 8,300 ಮೀಟರಿಗೂ ಜಾಸ್ತಿ. ಎವರೆಸ್ಟನ್ನು ಅಲ್ಲಿ ನಿಲ್ಲಿಸಿದರೆ ತುದಿಯ ಐನೂರು ಮೀಟರು ಹೊರಗೆ ಕಂಡೀತು. ನಾನು ಬಾಲ್ಕನಿಯಿಂದ ಇಣುಕಿದೆ. ನೀರು ಇಂಕಿನ ಬಣ್ಣಕ್ಕಿತ್ತು. ಹಾರುವ ಮೀನುಗಳ ಒಂದು ಹಿಂಡು ಹಡಗಿಗೆ ಬೆದರಿ ಅಲೆಯಿಂದ ಅಲೆಗೆ ಚಿಲ್ಲನೆ ಚಿಮ್ಮಿತು, ಅಕ್ಕಿಕಾಳು ಎರಚಿದ ಹಾಗೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ನಮ್ಮಿಬ್ಬರದು ಎಂದಿನ ಜಗಳ ನಡೆದಿತ್ತು, ಉಪ್ಪಿಲ್ಲದ ಪಾಸ್ತಾ ವಿಚಾರಕ್ಕೆ. ನೀರು ಸುರಿಯುತ್ತಿದ್ದ ವೇಟರ್ ಹುಡುಗ ಸುರಿಯುವುದನ್ನು ನಿಲ್ಲಿಸಿದ.

"ನೀವು ಕನ್ನಡದವರಲ್ವಾ?"

"ನಿಂದು ಯಾವೂರಪ್ಪ?"

"ಕಾರ್ಕಳ, ಆಂಟಿ. ಪಾಸ್ತಾ ಬಿಡಿ ಮಾರಾಯ್ರೆ. ನಾಳೆಯಿಂದ ನಿಮಗೆ ಅನ್ನ ಸಾರು ಉಂಟು. ಅಡುಗೆಮನೆಯಲ್ಲಿ ನಮ್ಮ ಜನ ಉಂಟು."

ಹಡಗುಗಳಲ್ಲಿ ಮಂಗಳೂರು, ಉಡುಪಿ, ಗೋವಾ ಕಡೆಯ ಹುಡುಗರು ತುಂಬಾ ಇದ್ದಾರೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ನೇರ ಇಲ್ಲಿಗೆ ಬರುತ್ತಾರೆ. ಈ ಹುಡುಗನದು ಎಂಟು ತಿಂಗಳ ಕಾಂಟ್ರಾಕ್ಟು. ಐದು ತಿಂಗಳು ಮುಗಿದಿತ್ತು. ವಾರದಲ್ಲಿ ಒಂದು ದಿನವೂ ರಜೆಯಿಲ್ಲ, ದಿನಕ್ಕೆ ಹತ್ತು ಗಂಟೆ ಕೆಲಸ, ನಡುನಡುವೆ ಬಿಡುವು. ಮಲಗುವುದು ನೀರಿನ ಮಟ್ಟಕ್ಕಿಂತ ಕೆಳಗಿನ ರೂಮಿನಲ್ಲಿ, ಇಬ್ಬರಿಗೆ ಒಂದು, ಕಿಟಕಿ ಇಲ್ಲ. ಇದೆಲ್ಲ ಅವನು ದುಃಖದಿಂದ ಹೇಳಿದ್ದಲ್ಲ. ಸ್ಪೂನು ಜೋಡಿಸುತ್ತಾ, ಯಾರದೋ ಊರಿನ ಸುದ್ದಿ ಹೇಳುವ ಹಾಗೆ ಹೇಳಿದ.

ಇವರು ಕಾಯಿಲಿನ ಕಥೆ ಹೇಳಿಕೊಂಡರು. ಹುಡುಗ ನಕ್ಕು ನಕ್ಕು ಸುಸ್ತಾದ. ಮರುದಿನ ಬೆಳಗ್ಗೆ ಅವನ ಡ್ಯೂಟಿ ಬಫೆಯಲ್ಲಿತ್ತು. ನಾವು ಹೋಗುವ ಹೊತ್ತಿಗೆ ಮೂಲೆಯ ಮೇಜಿನ ಮೇಲೆ ಕುದಿಯುವ ನೀರಿನ ಒಂದು ಫ್ಲಾಸ್ಕ್, ಬಿಸಿ ಹಾಲಿನ ಒಂದು ಜಗ್ ಇಟ್ಟು ಕಾಯುತ್ತಿದ್ದ. ನಾನು ಫಿಲ್ಟರಿಗೆ ಪುಡಿ ಹಾಕಿ, ತಟ್ಟೆ ಒತ್ತಿ, ನೀರು ಸುರಿದೆ. ಮುಚ್ಚಳ ಮುಚ್ಚಿದೆ. ಡಿಕಾಕ್ಷನ್ ತೊಟ್ಟಿಕ್ಕುವ ತನಕ ಇಬ್ಬರೂ ಫಿಲ್ಟರನ್ನೇ ನೋಡುತ್ತಾ ಕೂತೆವು. ಹತ್ತು ನಿಮಿಷ, ಹದಿನೈದು ನಿಮಿಷ. ಕಿಟಕಿಯಾಚೆ ಅಟ್ಲಾಂಟಿಕ್ ಹಿಂದಕ್ಕೆ ಹೋಗುತ್ತಿತ್ತು. ನಮ್ಮನೆಯವರು ಒಮ್ಮೆಯೂ ಎದ್ದು ನಿಲ್ಲಲಿಲ್ಲ ಅಂತ ನನಗೆ ಆಮೇಲೆ ಹೊಳೆಯಿತು. ಹುಡುಗನಿಗೂ ಒಂದು ಲೋಟ ಕೊಡಲು ಹೋದೆ. "ಪ್ರಯಾಣಿಕರ ಎದುರು ಕುಡಿಯುವ ಹಾಗಿಲ್ಲ ಆಂಟಿ" ಅಂದ. ಆದರೆ ಫಿಲ್ಟರು ತೊಳೆಯಲು ಒಯ್ದವನು ಮೊದಲು ಮುಚ್ಚಳ ತೆಗೆದು ಮೂಗು ತಂದು ವಾಸನೆ ನೋಡಿದ.

ಆ ರಾತ್ರಿ ಹಡಗಿನ ಗಡಿಯಾರ ಒಂದು ಗಂಟೆ ಮುಂದೆ ಹೋಯಿತು. ಫ್ಲಾರಿಡಾಗಿಂತ ಚಳಿಗಾಲದಲ್ಲಿ ಆ ದ್ವೀಪಗಳು ಒಂದು ಗಂಟೆ ಮುಂದೆ. ನಾನು ಫೋನ್ ಬದಲಾಯಿಸಿದೆ. ಇವರ ಕೈಯಲ್ಲಿರುವುದು ಮದುವೆಯಲ್ಲಿ ನಮ್ಮಪ್ಪ ಕೊಟ್ಟ ಎಚ್‌ಎಂಟಿ ವಾಚು, ದಿನಾ ಬೆಳಗ್ಗೆ ಕೀ ಕೊಡುವಂಥದ್ದು. "ಮತ್ತೆ ನಾಲ್ಕು ದಿನಕ್ಕೆ ಹಿಂದಕ್ಕೆ ತಿರುಗಿಸಬೇಕು, ಯಾಕೆ ಸುಮ್ನೆ ಮುಳ್ಳಿಗೆ ಹಿಂಸೆ? ಮನಸ್ಸಲ್ಲೇ ಒಂದು ಗಂಟೆ ಕೂಡಿಸ್ಕೋತೀನಿ" ಅಂದರು. ಇದನ್ನು ನೆನಪಿಟ್ಟುಕೊಳ್ಳಿ.

ಸಾನ್ ಹುವಾನ್‌ನಲ್ಲಿ ಎಲ್ ಮೊರ್ರೊ ಕೋಟೆ ನೋಡಿದೆವು. ಸ್ಪೇನಿನವರು 1539ರಲ್ಲಿ ಕಟ್ಟಲು ಶುರುಮಾಡಿದ್ದು, ಮುಗಿಯಲು ಇನ್ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಗೋಡೆ ಕೆಲವು ಕಡೆ 18 ಅಡಿ ದಪ್ಪ. ಇವರು ಗೋಡೆಯ ಮೇಲೆ ಅಂಗೈ ಇಟ್ಟುಕೊಂಡು ನಡೆದರು, ಮದುವೆ ಹೆಣ್ಣು ನೋಡುವವರ ಹಾಗೆ. ಮಳೆನೀರು ಅಂಗಳದಿಂದ ಇಳಿದು ತೊಟ್ಟಿಗೆ ಸೇರುವ ವ್ಯವಸ್ಥೆ ಕಂಡು "ಶ್ರೀರಂಗಪಟ್ಟಣದಲ್ಲಿ ನಾವು ಮಾಡಿದ ಚರಂಡಿಗಿಂತ ಚೆನ್ನಾಗಿದೆ" ಅಂತ ಒಪ್ಪಿಕೊಂಡರು. ಅವರ ಬಾಯಲ್ಲಿ ಇಂಥ ಮಾತು ನಾನು ಕೇಳಿದ್ದು ಮೊದಲ ಸಲ. ಕೋಟೆಯ ಎದುರಿನ ದೊಡ್ಡ ಹುಲ್ಲುಗಾವಲಿನಲ್ಲಿ ಊರಿನ ಜನ ಮಕ್ಕಳ ಜೊತೆ ಗಾಳಿಪಟ ಹಾರಿಸುತ್ತಿದ್ದರು. ಸಮುದ್ರದ ಗಾಳಿ ನಿಲ್ಲುವುದೇ ಇಲ್ಲ, ಪಟ ಬೀಳುವುದೇ ಇಲ್ಲ. ಹಳೇ ಊರಿನ ಬೀದಿಗೆ ನೀಲಿ ಛಾಯೆಯ ಕಲ್ಲು ಹಾಸಿದ್ದಾರೆ. ಕಬ್ಬಿಣದ ಕುಲುಮೆಯ ಕಿಟ್ಟದಿಂದ ಎರಕ ಹೊಯ್ದ ಇಟ್ಟಿಗೆಗಳಂತೆ ಅವು. ಮಳೆ ಬಿದ್ದ ಮೇಲೆ ಅವುಗಳ ಬಣ್ಣ ನೋಡಬೇಕು.

ಸೇಂಟ್ ಥಾಮಸ್‌ನ ಶಾರ್ಲಟ್ ಅಮೇಲಿಯಾ ಪೇಟೆಯಲ್ಲಿ ಬೀದಿ ತುಂಬ ಚಿನ್ನ, ವಜ್ರ, ವಾಚುಗಳ ಅಂಗಡಿ. ಒಂದು ಅಂಗಡಿಯ ಮುಂದೆ ಹಾದಾಗ ಒಳಗಿನಿಂದ ಹಿಂದಿಯಲ್ಲಿ "ಬನ್ನಿ ಅಕ್ಕಾ" ಅಂತ ಕರೆ ಬಂತು. ಸಿಂಧಿ ವ್ಯಾಪಾರಿ. ಅಲ್ಲಿನ ಎಷ್ಟೋ ಅಂಗಡಿಗಳು ಅವರವೇ. ಡೆನ್ಮಾರ್ಕಿನ ಕೈಯಲ್ಲಿದ್ದ ಈ ದ್ವೀಪಗಳನ್ನು ಅಮೆರಿಕ 1917ರಲ್ಲಿ ಎರಡೂವರೆ ಕೋಟಿ ಡಾಲರಿಗೆ ಕೊಂಡಿತು. ಬಾವುಟ ಬದಲಾದರೂ ರಸ್ತೆಯ ಎಡಬದಿಯ ಓಡಾಟ ಹಾಗೇ ಉಳಿಯಿತು. ಕಾರುಗಳು ಅಮೆರಿಕದಿಂದ ಬಂದವು, ಹಾಗಾಗಿ ಸ್ಟಿಯರಿಂಗ್ ಕೂಡ ಎಡಕ್ಕೇ. ಡ್ರೈವರ್ ಚರಂಡಿ ಪಕ್ಕದಲ್ಲಿ ಕೂತು ಓಡಿಸುತ್ತಾನೆ! ಬೆಂಚು ಹಾಕಿದ ತೆರೆದ ಟ್ಯಾಕ್ಸಿಯಲ್ಲಿ ಬೆಟ್ಟ ಹತ್ತಿ ಇಳಿಯುವಷ್ಟು ಹೊತ್ತೂ ಇವರು ಕಣ್ಣು ಮುಚ್ಚಿಕೊಂಡಿದ್ದರು.

ಇಳಿದದ್ದು ಮೇಗನ್ಸ್ ಬೇ ಕಡಲತೀರದಲ್ಲಿ. ಮೂರು ಕಡೆ ಹಸಿರು ಗುಡ್ಡ, ನಡುವೆ ಒಂದು ಮೈಲಿಯಷ್ಟು ಉದ್ದದ ಬಿಳಿ ಮರಳು, ಅಲೆಯೇ ಇಲ್ಲದ ನೀರು. ನಾನು ಮಲ್ಪೆ, ಮುರ್ಡೇಶ್ವರ, ಗೋಕರ್ಣ ಎಲ್ಲ ನೋಡಿದವಳೇ. ಆದರೆ ಸಮುದ್ರದಲ್ಲಿ ಮೊಣಕಾಲಿಗಿಂತ ಮುಂದೆ ಹೋದವಳಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ನಿಲ್ಲುವುದು, ಅಲೆ ಬಂದಾಗ ಕಿರುಚಿ ಹಿಂದೆ ಓಡುವುದು, ನಮ್ಮ ಸಮುದ್ರಸ್ನಾನ ಅಷ್ಟೇ ಅಲ್ವಾ? ಅವತ್ತು ಹಳೇ ಚೂಡಿದಾರ್ ಹಾಕಿಕೊಂಡು ಇಳಿದೆ. ಸೊಂಟದ ತನಕ ಬಂತು. ಎದೆಯ ತನಕ ಬಂತು. ಕಾಲಬೆರಳು ಕಾಣುತ್ತಿತ್ತು, ಬೆಳ್ಳಿಯ ಕಾಲುಂಗುರ ಕಾಣುತ್ತಿತ್ತು, ಅದರ ಪಕ್ಕದಲ್ಲೇ ಒಂದು ಬೆರಳುದ್ದದ ಮೀನು. "ಕೂತ್ಕೋ" ಅಂದರು ಇವರು. ನೀರಿನಲ್ಲಿ ಕೂರುವುದು ಹೇಗೆ? ಅವರು ತೋರಿಸಿದರು. ಕುತ್ತಿಗೆ ತನಕ ಮುಳುಗಿ, ಮಂಡಿ ಮಡಚಿ, ಕೈ ಬಿಟ್ಟು ಕೂತಿದ್ದರು. ನಾನೂ ಕೂತೆ. ಕೆರೆಯಲ್ಲಿ ಬಿದ್ದ ಎರಡು ತೆಂಗಿನಕಾಯಿಗಳ ಹಾಗೆ ನಮ್ಮ ತಲೆಗಳು ಅಲ್ಲಿ ಒಂದು ಗಂಟೆ ತೇಲಿಕೊಂಡಿದ್ದವು. ಪಕ್ಕದಲ್ಲಿ ಒಂದು ಕಡಲ ಹಕ್ಕಿ ದೊಪ್ಪನೆ ನೀರಿಗೆ ಬಿದ್ದು ಮೀನು ಹಿಡಿದು, ನಮ್ಮನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಹಾರಿತು.

ಇನ್ನು ಸೇಂಟ್ ಮಾರ್ಟಿನ್. 87 ಚದರ ಕಿಲೋಮೀಟರಿನ ಒಂದು ಚಿಕ್ಕ ದ್ವೀಪ, ಅದರಲ್ಲಿ ಎರಡು ದೇಶ. ಉತ್ತರಕ್ಕೆ ಫ್ರಾನ್ಸ್, ದಕ್ಷಿಣಕ್ಕೆ ಡಚ್ಚರು, 1648ರ ಒಪ್ಪಂದದಿಂದ ಹಾಗೇ ಇದೆ. ಒಬ್ಬ ಫ್ರೆಂಚಿನವನು, ಒಬ್ಬ ಡಚ್ಚಿನವನು ಬೆನ್ನಿಗೆ ಬೆನ್ನು ಕೊಟ್ಟು ದಡದುದ್ದಕ್ಕೂ ನಡೆದು, ಮತ್ತೆ ಎದುರಾದ ಕಡೆ ಗಡಿ ಹಾಕಿದರು ಅಂತ ಅಲ್ಲಿ ಕಥೆ ಹೇಳುತ್ತಾರೆ. ಡಚ್ಚಿನವನು ಜಿನ್ ಕುಡಿದು ನಿಧಾನವಾದನಂತೆ, ಹಾಗಾಗಿ ಫ್ರೆಂಚರಿಗೆ ಪಾಲು ಜಾಸ್ತಿ. ಎರಡು ಕಡೆಗೂ ನಡುವೆ ಗೇಟಿಲ್ಲ, ಪೊಲೀಸಿಲ್ಲ. ಮೈಸೂರಿನ ಎರಡು ಬಡಾವಣೆ ನಡುವೆ ಇಷ್ಟು ಸೌಹಾರ್ದ ನಾನು ನೋಡಿಲ್ಲ.

ನಾವು ಹೋದದ್ದು ಮಾಹೋ ಬೀಚಿಗೆ. ವಿಮಾನ ನಿಲ್ದಾಣದ ರನ್‌ವೇ ಶುರುವಾಗುವುದೇ ಬೀಚಿನ ಪಕ್ಕದಲ್ಲಿ, ನಡುವೆ ಒಂದು ರಸ್ತೆ, ಒಂದು ತಂತಿಬೇಲಿ. ಇಳಿಯುವ ವಿಮಾನ ನಮ್ಮ ತಲೆಯ ಮೇಲೇ ಬರುತ್ತದೆ. ಚಕ್ರದ ನಟ್ಟು ಬೋಲ್ಟು ಎಣಿಸಬಹುದು. ನಾನು ಪ್ರತಿಯೊಂದು ವಿಮಾನದ್ದೂ ವಿಡಿಯೋ ಮಾಡಿದೆ, ಫೋನಿನ ಚಾರ್ಜು ಖಾಲಿಯಾಯಿತು. ಇವರು ವಾಚು ನೋಡಿದರು. "ಎರಡೂ ಮುಕ್ಕಾಲು. ಹಡಗು ಹತ್ತಬೇಕಾದ್ದು ನಾಲ್ಕೂವರೆಗೆ. ಇನ್ನೂ ಒಂದು ವಿಮಾನ ನೋಡಿ ಹೋಗೋಣ."

ಒಂದು ನೋಡಿದೆವು. ವ್ಯಾನು ಹತ್ತಿದೆವು. ಸಿಂಪ್ಸನ್ ಬೇ ಹತ್ತಿರ ರಸ್ತೆಯ ಸೇತುವೆಯನ್ನು ದೋಣಿಗಳಿಗಾಗಿ ದಿನಕ್ಕೆ ಕೆಲವು ಸಲ ಮೇಲಕ್ಕೆ ಎತ್ತುತ್ತಾರೆ. ನಾವು ಹೋದ ಹೊತ್ತಿಗೆ ಸರಿಯಾಗಿ ಅದು ಎದ್ದಿತು. ಬಿಳೀ ಹಾಯಿದೋಣಿಗಳು ಒಂದೊಂದಾಗಿ, ಮದುವೆ ದಿಬ್ಬಣದ ಗತ್ತಿನಲ್ಲಿ, ನಿಧಾನಕ್ಕೆ ಹೊರಟವು. ಇವರು ಸೇತುವೆಯ ಕೀಲು ನೋಡಿ ಮೆಚ್ಚುತ್ತಿದ್ದರು. ಆಗ ಡ್ರೈವರನ ಮುಂದಿದ್ದ ಗಡಿಯಾರ ಕಣ್ಣಿಗೆ ಬಿತ್ತು.

"ಪಾಪ, ನಿಮ್ಮ ಗಡಿಯಾರ ಒಂದು ಗಂಟೆ ಮುಂದಿದೆ" ಅಂದರು ಅವನಿಗೆ, ಉಪಕಾರ ಮಾಡುವ ದನಿಯಲ್ಲಿ.

ಡ್ರೈವರ್ ತಿರುಗಿ ನೋಡಿದ. ನಾನೂ ತಿರುಗಿ ನೋಡಿದೆ. ಆ ಗಡಿಯಾರದಲ್ಲಿ 4:09 ಇತ್ತು. ಇವರು ಬಾಯಿ ತೆರೆದರು, ಮುಚ್ಚಿದರು, ವಾಚನ್ನು ಶರ್ಟಿನ ತೋಳಿನೊಳಗೆ ಎಳೆದುಕೊಂಡರು.

ಬಂದರಿನ ಗೇಟಿನಲ್ಲಿ ಇಳಿದಾಗ 4:36. ಹಡಗು ನಿಂತದ್ದು ಉದ್ದನೆಯ ಕಾಂಕ್ರೀಟ್ ಕಟ್ಟೆಯ ಆ ತುದಿಯಲ್ಲಿ. ನಾನು 64ರ ಹೆಂಗಸು, ಕಾಲಲ್ಲಿ ಹವಾಯಿ ಚಪ್ಪಲಿ. ಓಡಿದೆ. ಇವರು ನನ್ನ ಚೀಲ, ಅವರ ಟೋಪಿ, ತೆಂಗಿನ ನಾರಿನ ಒಂದು ಬುಟ್ಟಿ ಹಿಡಿದು ಓಡಿದರು. ಹೀಗೆ ತಡವಾಗಿ ಓಡಿಬರುವವರನ್ನು ನೋಡುವುದಕ್ಕೇ ಜನ ಬಾಲ್ಕನಿಯಲ್ಲಿ ಬಿಯರ್ ಹಿಡಿದು ಕಾಯುತ್ತಾರಂತೆ. ಹತ್ತು ಅಂತಸ್ತಿನಿಂದ ಚಪ್ಪಾಳೆ, ಸಿಳ್ಳೆ. ಏಣಿಸೇತುವೆ ಇನ್ನೂ ತೆಗೆದಿರಲಿಲ್ಲ. ಕಾರ್ಡು ತೋರಿಸಿ ಒಳಗೆ ಕಾಲಿಟ್ಟ ಮೇಲೆ ಇಬ್ಬರೂ ಗೋಡೆಗೆ ಒರಗಿ ನಿಂತೆವು. ಬಯ್ಯಬೇಕು ಅಂತ ಬಾಯಿ ತೆರೆದೆ, ನಗು ಬಂತು. ಮಾತಾಡಲು ಉಸಿರೇ ಇರಲಿಲ್ಲ. ರೂಮಿಗೆ ಹೋಗಿ ಇವರು ಮೊದಲು ಮಾಡಿದ ಕೆಲಸ, ವಾಚಿನ ಕೀ ಎಳೆದು ಮುಳ್ಳು ತಿರುಗಿಸಿದ್ದು. ಹಡಗು ತಪ್ಪಿದ್ದರೆ ಮುಂದಿನ ದಾರಿ ನಾವೇ ನೋಡಿಕೊಳ್ಳಬೇಕಿತ್ತು. ನಮ್ಮ ಹಡಗಿಗೆ ಫ್ಲಾರಿಡಾ ತನಕ ಮತ್ತೆ ನಿಲುಗಡೆಯೇ ಇರಲಿಲ್ಲ.

ವಾಪಸ್ಸು ಬರುವ ಎರಡು ದಿನ ನಾವು ನಿಜಕ್ಕೂ ಏನೂ ಮಾಡಲಿಲ್ಲ. ಒಂದು ರಾತ್ರಿ ಎಲ್ಲರೂ ಠಾಕುಠೀಕಾಗಿ ಬರಬೇಕಿತ್ತು, ಮೈಸೂರು ರೇಷ್ಮೆ ಸೀರೆ ಉಟ್ಟೆ. ಕ್ಯಾಸಿನೋ ಕಡೆ ಒಮ್ಮೆ ಹಾದುಹೋದೆವು, ಸಿಗರೇಟಿನ ವಾಸನೆಗೆ ಹೊರಗೆ ಬಂದೆವು. ಉಳಿದಂತೆ ಬಾಲ್ಕನಿಯ ಎರಡು ಕುರ್ಚಿ. ಇವರು ಟಿವಿಯ ನಕ್ಷೆ ಹಾಕಲಿಲ್ಲ. ಎರಡನೇ ಸಂಜೆ, ಬಿಸಿಲು ಇಳಿಯುವಾಗ, ಎಲ್ಲಿಂದಲೋ ಒಂದು ಪ್ರಶ್ನೆ ತಂದರು.

"ವಿಆರ್‌ಎಸ್ ತಗೊಂಡ ದಿನ ನೀನು ಅತ್ತಿದ್ಯಾ?"

2001ರ ಮಾತು ಅದು. ಬ್ಯಾಂಕುಗಳಲ್ಲಿ ಆಗ ಸಾವಿರಾರು ಜನ ವಿಆರ್‌ಎಸ್, ಅಂದರೆ ಸ್ವಯಂನಿವೃತ್ತಿ, ತಗೊಂಡರು. ನಮ್ಮತ್ತೆಗೆ ಪಾರ್ಶ್ವವಾಯು ಆಗಿತ್ತು, ಮಗಳಿಗೆ ಹನ್ನೊಂದು ವರ್ಷ. ನಾನೂ ಸಹಿ ಹಾಕಿದೆ. ಇವರು ಅವತ್ತು ಹುಣಸೂರು ಕಡೆ ಯಾವುದೋ ಸೇತುವೆಯ ಸೈಟಿನಲ್ಲಿದ್ದರು.

"ಹೂಂ, ಅತ್ತಿದ್ದೆ. ಬಸ್ಸಲ್ಲಿ" ಅಂದೆ.

"ನಂಗೆ ಗೊತ್ತಾಗ್ಲಿಲ್ಲ."

"ನೀವು ಕೇಳ್ಲಿಲ್ಲ."

ಆಮೇಲೆ ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕೆಳಗೆ ಹಡಗು ನೀರು ಸೀಳುವ ಸದ್ದು ಮಾತ್ರ, ದೋಸೆ ಹಂಚಿಗೆ ನೀರು ಚಿಮುಕಿಸಿದ ಹಾಗೆ, ಆದರೆ ನಿಲ್ಲದೆ. ಕತ್ತಲಾದ ಮೇಲೆ ಇವರೇ ಒಳಗೆ ಹೋಗಿ ನನ್ನ ಶಾಲು ತಂದುಕೊಟ್ಟರು.

ಕೊನೆಯ ರಾತ್ರಿ ಬಿಲ್ಲು ಬಂತು. ಇದು ನನ್ನ ಇಲಾಖೆ. ಊಟ, ರೂಮು ಎಲ್ಲ ಟಿಕೆಟ್ಟಿನಲ್ಲೇ ಸೇರಿರುತ್ತದೆ ಅನ್ನುವುದು ಅರ್ಧ ನಿಜ. ಟಿಪ್ಸು ತಲೆಗೆ ದಿನಕ್ಕೆ 18 ಡಾಲರಿನಂತೆ ತಾನಾಗಿ ಹಾಕಿದ್ದರು. ಇಬ್ಬರಿಗೆ ಎಂಟು ದಿನಕ್ಕೆ 288, ಅಂದರೆ ಹತ್ತಿರ ಹತ್ತಿರ 24 ಸಾವಿರ ರೂಪಾಯಿ. ಇಂಟರ್ನೆಟ್ ನಾವು ತಗೊಂಡಿರಲಿಲ್ಲ. ಇನ್ನೊಂದು ಸಾಲಿನಲ್ಲಿ 14 ಡಾಲರ್ ಅಂತಿತ್ತು. ರೂಮಿನ ಮೇಜಿನ ಮೇಲಿದ್ದ ಬಾಟಲಿ ನೀರು, ಇವರು ಮೊದಲ ದಿನವೇ ಫ್ರೀ ಅಂತ ಕುಡಿದದ್ದು. ಕಾರ್ಕಳದ ಹುಡುಗನಿಗೆ ಬೇರೆ ಒಂದು ಲಕೋಟೆ ಕೊಟ್ಟೆವು. ಬೇಡ ಬೇಡ ಅಂತ ಹಿಂದೆ ಸರಿದ. ಕೊನೆಗೆ ತಗೊಂಡು, ಆರ್ಡರ್ ಬರೆಯುವ ಚೀಟಿಯ ಹಿಂದೆ ಒಂದು ನಂಬರು ಗೀಚಿ ಕೊಟ್ಟ. "ಊರಿಗೆ ಹೋದ ಮೇಲೆ ಅಮ್ಮನಿಗೆ ಒಂದು ಫೋನು ಮಾಡಿ ಆಂಟಿ. ನಾನು ಸುಳ್ಳು ಹೇಳುವುದು ಅಂತ ಅವರಿಗೆ ಡೌಟು."

ಇಳಿಯುವ ದಿನ ಬೆಳಗ್ಗೆ ಅರ್ಧ ಚೀಟಿ ತೋರಿಸಿ ಕಾಯಿಲ್ ಬಿಡಿಸಿಕೊಂಡೆವು. ಆ ಮೇಜಿನ ಮೇಲೆ ಇನ್ನೂ ಮೂರು ಇಸ್ತ್ರಿಪೆಟ್ಟಿಗೆ, ಒಂದು ಅನ್ನದ ಕುಕ್ಕರ್ ಇದ್ದವು. ಮಗಳ ಮನೆಗೆ ಬಂದ ಮೇಲೂ ಎರಡು ದಿನ ನೆಲ ತೂಗುತ್ತಿತ್ತು. ಪಾತ್ರೆ ತೊಳೆಯಲು ನಿಂತರೆ ಸಿಂಕು ಮೆಲ್ಲಗೆ ಎದ್ದು ಇಳಿದ ಹಾಗೆ.

ಮಾರ್ಚಿನಲ್ಲಿ ಮೈಸೂರಿಗೆ ಬಂದ ಮೇಲೆ ಆ ನಂಬರಿಗೆ ಫೋನ್ ಮಾಡಿದೆ. ಎರಡೇ ರಿಂಗಿಗೆ ಎತ್ತಿದರು. ನಾನು ಯಾರು, ಎಲ್ಲಿ ನೋಡಿದೆ ಅಂತ ಹೇಳಿದೆ. ಹಡಗು ಎಷ್ಟು ದೊಡ್ಡದು, ಸಮುದ್ರ ಹೇಗಿತ್ತು ಅಂತ ಏನೂ ಕೇಳಲಿಲ್ಲ ಅವರು.

"ಅವ ಸಪೂರ ಆಗಿದ್ದಾನಾ ಅಕ್ಕ?"

"ಇಲ್ಲಮ್ಮ, ಚೆನ್ನಾಗಿದ್ದಾನೆ."

"ನಿದ್ರೆ ಮಾಡ್ತಾನಾ?"

ನಾನು ಫೋನಿಗೆ ಕೈ ಅಡ್ಡ ಹಿಡಿದು ಇವರ ಮುಖ ನೋಡಿದೆ. ಇವರು ಕಾಫಿ ಲೋಟ ಕೆಳಗಿಟ್ಟು, ಫೋನು ತಾವೇ ಇಸಕೊಂಡರು. "ನಮಸ್ಕಾರಮ್ಮ, ನಿಮ್ಮ ಮಗ ದಿನಾ ಬೆಳಗ್ಗೆ ನಮಗೆ ಕುದಿಯೋ ನೀರು ತಂದುಕೊಡ್ತಿದ್ದ" ಅಂತ ಶುರುಮಾಡಿದರು. ಅರ್ಧ ಗಂಟೆ ಮಾತಾಡಿದರು.